ದ್ರಾಕ್ಷಿ 'ದಾಕಿ' ಆದದ್ದು ಹೇಗೆ

ಹೋದ ವರ್ಷ ಫೆಬ್ರುವರಿಯಲ್ಲಿ ಕಾಕಾನ ಜೊತೆ ನಾಸಿಕ್ ಜಿಲ್ಲೆಯ ದಿಂಡೋರಿಗೆ ಹೋಗಿದ್ದೆ. ಕಾಕಾ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು. ದಿಂಡೋರಿ ತಾಲ್ಲೂಕು ರಫ್ತು ದ್ರಾಕ್ಷಿಯ ಸೀಮೆ. ಅಲ್ಲಿನ ತೋಟಗಳನ್ನು ಕಣ್ಣಾರೆ ನೋಡಬೇಕು, ಯಾವ ತಳಿ ಹೇಗೆ ಬಂದಿದೆ ಎಂದು ಬೆಳೆದವರನ್ನೇ ಕೇಳಬೇಕು ಎನ್ನುವುದು ಅವರ ಬಹುದಿನದ ಆಸೆ. ತೋಟವೊಂದರ ಬದುವಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ, ಔಷಧಿ ಹೊಡೆದ ಮೇಲೆ ಕಟಾವಿಗೆ ಎಷ್ಟು ದಿನ ಬಿಡಬೇಕು ಎಂಬ ಮಾತು ಬಂತು. ಅದರ ಪಟ್ಟಿ ಇರುವ ಒಂದು ವೆಬ್ ಪುಟ ಮರಾಠಿ, ಕನ್ನಡ ಎರಡರಲ್ಲೂ ಇತ್ತು. ಕಾಕಾ ತಮ್ಮ ಮೊಬೈಲಿನಲ್ಲಿ ಅದನ್ನು ತೆರೆದರು. ಕನ್ನಡಕ ಹಣೆಗೇರಿಸಿದರು, ಇಳಿಸಿದರು, ಮತ್ತೆ ಏರಿಸಿದರು.

"ತಮ್ಮಾ, ಇದೇನೋ 'ದಾಕಿ' ಅಂತೈತಿ?"

ತೆಗೆದುಕೊಂಡು ನೋಡಿದೆ. ಶೀರ್ಷಿಕೆಯಲ್ಲಿ 'ದ್ರಾಕ್ಷಿ' ಎಂದಿರಬೇಕಿತ್ತು. ಕಾಕಾ ಅರವತ್ತು ದಾಟಿದವರು, ಮೊಬೈಲಿನಲ್ಲಿ ಅಕ್ಷರದ ಗಾತ್ರವನ್ನು ತುತ್ತತುದಿಗೆ ಏರಿಸಿಟ್ಟುಕೊಂಡಿದ್ದಾರೆ. ಅಕ್ಷರ ಬೆಳೆದಿತ್ತು, ಅದನ್ನು ಹಿಡಿದಿಟ್ಟ ಚೌಕ ಬೆಳೆದಿರಲಿಲ್ಲ. ಚೌಕದ ಅಂಚು ಸರಿಯಾಗಿ ಒತ್ತಕ್ಷರಗಳ ನೆತ್ತಿಯ ಮೇಲೆ ಕುಳಿತಿತ್ತು. ರಕಾರದ ಒತ್ತು ಹೋಗಿ 'ದ್ರಾ' ಎಂಬುದು 'ದಾ' ಆಗಿತ್ತು, ಷಕಾರದ ಒತ್ತು ಹೋಗಿ 'ಕ್ಷಿ' ಎಂಬುದು 'ಕಿ' ಆಗಿತ್ತು. ಇದು ನಗುವ ಸಂಗತಿ. ಕೆಳಗಿನದು ಅಲ್ಲ. ಪಟ್ಟಿಯ ಪ್ರತಿ ಸಾಲಿನಲ್ಲೂ ಔಷಧಿಯ ಹೆಸರು ಇತ್ತು, ಅಕ್ಷರ ದೊಡ್ಡದಾದ್ದರಿಂದ ಎರಡನೆಯ ಸಾಲಿಗೆ ಇಳಿದಿದ್ದ ದಿನಗಳ ಸಂಖ್ಯೆ ಚೌಕದ ಆಚೆ ಬಿದ್ದು ಮಾಯವಾಗಿತ್ತು. ಪಟ್ಟಿ ಇರುವುದೇ ಆ ಸಂಖ್ಯೆಗಾಗಿ.

"ಅಕ್ಷರ ದೊಡ್ಡವು ಮಾಡ್ಕೊಂಡಿದ್ದು ನಂದs ತಪ್ಪಾತೇನ?" ಎಂದರು ಕಾಕಾ.

ನಾನು ಉತ್ತರ ಕೊಡಲಿಲ್ಲ. ಹತ್ತು ವರ್ಷದ ಹಿಂದೆ ಬೆಳೆಗಾರರ ಒಂದು ಗುಂಪಿಗಾಗಿ ಆ ಪುಟ ಕಟ್ಟಿದವರಲ್ಲಿ ನಾನೂ ಒಬ್ಬ. ಒತ್ತಕ್ಷರ ಕತ್ತರಿಸಿದ ಸಾಲು ನನ್ನದೇ ಕೈಬರಹ. ಈ ಲೇಖನ ಆ ಸಾಲಿನ ವಿರುದ್ಧ, ಮತ್ತು ಅಂಥದೇ ಸಾಲನ್ನು ಇವತ್ತೂ ಬರೆಯುತ್ತಿರುವ ನನ್ನ ಕಸುಬಿನವರ ವಿರುದ್ಧ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಓದಬೇಕೆಂದು ಬರೆಯುತ್ತಿದ್ದೇನೆ, ಏಕೆಂದರೆ ಕತ್ತರಿಸಿದ ಅಕ್ಷರವನ್ನು ಓದಬೇಕಾಗಿರುವುದು ನೀವು.

ಮೊದಲು ಆ ಸಾಲು ಏನು ಮಾಡುತ್ತದೆ ಎಂದು ಹೇಳುತ್ತೇನೆ. ವೆಬ್ ಪುಟದಲ್ಲಿ ಮೂರು ಭಾಗ. ಪಠ್ಯ ಮತ್ತು ಅದರ ರಚನೆ ಒಂದು ಕಡೆ. ಬಣ್ಣ, ಗಾತ್ರ, ಅಂತರ ಇವನ್ನೆಲ್ಲ ಹೇಳುವ ಸ್ಟೈಲ್‌ಶೀಟ್ ಇನ್ನೊಂದು ಕಡೆ. ಒತ್ತಿದರೆ ತೆರೆಯುವುದು, ಆರಿಸಿದರೆ ಬದಲಾಗುವುದು ಮುಂತಾದ ನಡವಳಿಕೆಯನ್ನು ನೋಡಿಕೊಳ್ಳುವ ಜಾವಾಸ್ಕ್ರಿಪ್ಟ್ ಮೂರನೆಯದು. ಜಾನ್ ರೆಸಿಗ್ ಎಂಬ ಯುವಕ 2006ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಜೆಕ್ವೆರಿ ಎಂಬ ಲೈಬ್ರರಿಯನ್ನು ಹೊರತಂದ. ಒಂದೊಂದು ಬ್ರೌಸರ್ ಒಂದೊಂದು ಥರ ವರ್ತಿಸುತ್ತಿದ್ದ ಕಾಲ ಅದು. ಆ ಗೊಂದಲವನ್ನೆಲ್ಲ ಜೆಕ್ವೆರಿ ತನ್ನ ಹೊಟ್ಟೆಯೊಳಗೆ ಹಾಕಿಕೊಂಡು ನಮಗೆ ಚಿಕ್ಕ ಚೊಕ್ಕ ಸಾಲುಗಳನ್ನು ಕೊಟ್ಟಿತು. ನನ್ನಂಥ ಸಾವಿರಾರು ಜನ ಅದರ ದೆಸೆಯಿಂದಲೇ ಅನ್ನ ಕಂಡವರು. ಆ ಋಣ ಮರೆತು ಮಾತಾಡುತ್ತಿಲ್ಲ.

ಅದರಲ್ಲಿ 'ಸಿಎಸ್ಎಸ್' ಎಂಬ ಹೆಸರಿನ ಒಂದು ಮೆಥಡ್ ಇದೆ. ಯಾವ ಎಲಿಮೆಂಟು, ಅದರ ಯಾವ ಗುಣ, ಬೆಲೆ ಎಷ್ಟು ಎಂದು ಕೊಟ್ಟರೆ ಮುಗಿಯಿತು. ಶೀರ್ಷಿಕೆ ಕೆಂಪಾಗು ಎಂದರೆ ಕೆಂಪಾಗುತ್ತದೆ. ಚೌಕ ಇನ್ನೂರು ಪಿಕ್ಸೆಲ್ ಎತ್ತರವಾಗು ಎಂದರೆ ಆಗುತ್ತದೆ. ಕಲಿಯುವವನಿಗೆ ಇದಕ್ಕಿಂತ ಖುಷಿಯ ಗಳಿಗೆ ಇನ್ನೊಂದಿಲ್ಲ. ಹೆಚ್ಚಿನ ಪಾಠಗಳೂ ಇಲ್ಲಿಂದಲೇ ಶುರುವಾಗುತ್ತವೆ. ಆದರೆ ಈ ಮೆಥಡ್ ಸ್ಟೈಲ್‌ಶೀಟನ್ನು ಮುಟ್ಟುವುದಿಲ್ಲ. ಅದು ಎಲಿಮೆಂಟಿನ ಮೈಮೇಲೇ ನೇರವಾಗಿ ಬರೆಯುತ್ತದೆ. ಮೈಮೇಲೆ ಬರೆದದ್ದು ಸ್ಟೈಲ್‌ಶೀಟಿನ ಎಲ್ಲ ಸಾಮಾನ್ಯ ನಿಯಮಗಳನ್ನೂ ಮೀರುತ್ತದೆ. 'ಇಂಪಾರ್ಟೆಂಟ್' ಎಂಬ ಮುದ್ರೆ ಒತ್ತಿದ ನಿಯಮ ಮಾತ್ರ ಅದನ್ನು ಅಲುಗಿಸಬಲ್ಲದು.

ಮೀರಿದರೆ ಏನಾಯಿತು ಎಂದು ಕೇಳಬಹುದು. ಇದಕ್ಕೆ ಸ್ಟೈಲ್‌ಶೀಟಿನ ಹುಟ್ಟನ್ನು ನೆನೆಯಬೇಕು. 1994ರ ಅಕ್ಟೋಬರ್ 10ರಂದು ಸರ್ನ್ ಸಂಸ್ಥೆಯಲ್ಲಿದ್ದ ಹಾಕನ್ ವಿಯಂ ಲೀ ಎಂಬವರು ಇದರ ಮೊದಲ ಪ್ರಸ್ತಾಪ ಮುಂದಿಟ್ಟರು. 'ಕ್ಯಾಸ್ಕೇಡಿಂಗ್' ಎಂಬ ಮಾತು ಆಗಲೇ ಅದರ ಹೆಸರಿನಲ್ಲಿತ್ತು. ಪುಟ ಹೇಗೆ ಕಾಣಬೇಕೆಂದು ಬರೆದವನಿಗೂ ಒಂದು ಆಸೆ ಇರುತ್ತದೆ, ಓದುವವನಿಗೂ ಒಂದು ಅಗತ್ಯ ಇರುತ್ತದೆ, ಎರಡನ್ನೂ ಹೊಂದಿಸಬೇಕು ಎನ್ನುವುದು ಅದರ ತಿರುಳು. ಯಾರ ಮಾತಿಗೆ ಎಷ್ಟು ತೂಕ ಎಂದು ಶೇಕಡಾ ಲೆಕ್ಕದಲ್ಲಿ ಹೇಳುವ ಏರ್ಪಾಡೂ ಆ ಮೊದಲ ಪ್ರಸ್ತಾಪದಲ್ಲಿತ್ತು. ಶೇಕಡಾ ಲೆಕ್ಕ ಮುಂದೆ ಬಿದ್ದುಹೋಯಿತು, ತಿರುಳು ಉಳಿಯಿತು. 1996ರ ಡಿಸೆಂಬರಿನಲ್ಲಿ ಮೊದಲ ಸಿಎಸ್ಎಸ್ ಮಾನದಂಡ ಹೊರಬಿದ್ದಾಗಲೂ ಓದುಗನ ಸ್ವಂತ ಸ್ಟೈಲ್‌ಶೀಟಿಗೆ ಜಾಗ ಇಟ್ಟಿದ್ದರು.

ಹಾಗಾಗಿ ಸ್ಟೈಲ್‌ಶೀಟ್ ಎಂದರೆ ಬರೆದವನ ಮತ್ತು ಓದುವವನ ನಡುವಿನ ಒಂದು ಕರಾರು. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ. ಬಿಳಿ ಬೆಳಕು ಚುಚ್ಚುವವರು ಕಪ್ಪು ಹಿನ್ನೆಲೆ ಆರಿಸಿಕೊಳ್ಳುತ್ತಾರೆ. ಕೆಲವರಿಗೆ ಪುಟ ಕಾಗದದ ಮೇಲೆ ಬೇಕು. ಇದಕ್ಕೆಲ್ಲ ಅವಕಾಶ ಇಟ್ಟುಕೊಂಡೇ ನಿಯಮಗಳು ಒಂದರ ಮೇಲೊಂದು ಇಳಿದು ಬರುತ್ತವೆ. ಜಾವಾಸ್ಕ್ರಿಪ್ಟಿನಿಂದ ಎಲಿಮೆಂಟಿನ ಮೈಮೇಲೆ ಬರೆಯುವವನು ಈ ಕರಾರನ್ನು ಓದದೆಯೇ ಹರಿದುಹಾಕುತ್ತಾನೆ. ಅವನಿಗೆ ದುರುದ್ದೇಶ ಇರುವುದಿಲ್ಲ. ತನ್ನ ಪರದೆಯ ಮೇಲೆ ಸರಿ ಕಂಡಿತಲ್ಲ, ಅಷ್ಟೇ ಅವನ ಸಾಕ್ಷಿ.

ನನ್ನ ಸಾಲಿಗೆ ಬರುತ್ತೇನೆ. ಪುಟದಲ್ಲಿ ಒಂದರ ಪಕ್ಕ ಒಂದು ಚೌಕಗಳಿದ್ದವು. ಒಂದರಲ್ಲಿ ಪಠ್ಯ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎಲ್ಲವೂ ಒಂದೇ ಎತ್ತರ ಇರಬೇಕೆಂದು ಕೆಲಸ ಕೊಟ್ಟವರು ಹೇಳಿದರು. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದೆ. ಪುಟ ತೆರೆದ ಕೂಡಲೆ ಎಲ್ಲ ಚೌಕಗಳ ಎತ್ತರ ಅಳೆ, ಅತಿ ಎತ್ತರದ್ದು ಯಾವುದೆಂದು ನೋಡು, ಅದನ್ನೇ ಎಲ್ಲಕ್ಕೂ ಬರೆದುಬಿಡು. ಮೂರು ಸಾಲಿನ ಕೆಲಸ. ಶೀರ್ಷಿಕೆಯ ಪಟ್ಟಿಗೂ, ಪಟ್ಟಿಯ ಸಾಲುಗಳಿಗೂ ಅದೇ ಮದ್ದು. ಮೀರಿದ್ದು ಹೊರಗೆ ಕಾಣದಿರಲಿ ಎಂದು ಅಡಗಿಸುವ ನಿಯಮವನ್ನೂ ಸೇರಿಸಿದ್ದೆ.

ಇದರಲ್ಲಿ ತಪ್ಪು ಎಲ್ಲಿದೆ? ಅಳತೆ ತೆಗೆದದ್ದು ಪುಟ ತೆರೆದ ಗಳಿಗೆಯಲ್ಲಿ. ಜೆಕ್ವೆರಿಯ 'ರೆಡಿ' ಎಂಬ ಸೂಚನೆ ಬರುವುದು ಪುಟದ ರಚನೆ ಸಿದ್ಧವಾದಾಗ. ಕನ್ನಡದ ವೆಬ್ ಫಾಂಟ್ ಆ ಹೊತ್ತಿಗೆ ಬಂದಿರಲೇಬೇಕೆಂದಿಲ್ಲ. ನಿಧಾನದ ನೆಟ್‌ವರ್ಕಿನಲ್ಲಿ ಅದು ಆಮೇಲೆ ಬಂದು, ಹಳೆಯದಕ್ಕಿಂತ ಎತ್ತರವಾಗಿ ನಿಂತರೆ, ಚೌಕ ಮೊದಲಿನ ಅಳತೆಯಲ್ಲೇ ಇರುತ್ತದೆ. ಮೊಬೈಲ್ ಅಡ್ಡ ತಿರುಗಿಸಿದರೂ ಅದೇ ಕಥೆ. ಅಕ್ಷರದ ಗಾತ್ರ ಹೆಚ್ಚಿಸಿಕೊಂಡವರ ಕಥೆಯನ್ನು ಕಾಕಾನೇ ಹೇಳಿದರು. ಇಂಗ್ಲಿಷ್ ಲಿಪಿಯಾದರೆ ಕೆಳಗೆ ಇಳಿಯುವ ಬಾಲಗಳು ಕೆಲವೇ, ತುಸು ಕತ್ತರಿಸಿದರೂ ಓದಿಕೊಂಡು ಹೋಗಬಹುದು. ಕನ್ನಡದಲ್ಲಿ ಅರ್ಥದ ಅರ್ಧ ಭಾಗ ಸಾಲಿನ ಕೆಳಗೆ ಜೋತುಬಿದ್ದಿರುತ್ತದೆ. ಒತ್ತು ಹೋದರೆ ಕಾಣುವುದು ಬೇರೆಯೇ ಶಬ್ದ. ಮರಾಠಿಯ ಗತಿಯೂ ಹೆಚ್ಚುಕಡಿಮೆ ಇದೇ, ಅಲ್ಲಿ ಮಾತ್ರೆಗಳು ತಲೆಗೆರೆಯ ಮೇಲೂ ಏರುತ್ತವೆ, ಕೆಳಗೂ ಇಳಿಯುತ್ತವೆ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿಯುವ ಈ ಚಟ ನಮ್ಮ ಲಿಪಿಗಳಿಗೆ ಎರಡು ಪಟ್ಟು ಹಾನಿ.

ಎರಡನೆಯ ಉದಾಹರಣೆ ನೀವೆಲ್ಲ ನೋಡಿರುವಂಥದು. ಅನೇಕ ಸರ್ಕಾರಿ ಜಾಲತಾಣಗಳ ನೆತ್ತಿಯಲ್ಲಿ ಅಕ್ಷರ ದೊಡ್ಡದು ಮಾಡುವ, ಚಿಕ್ಕದು ಮಾಡುವ ಗುಂಡಿಗಳಿರುತ್ತವೆ. ಉದ್ದೇಶ ಒಳ್ಳೆಯದು. ಮಾಡುವ ರೀತಿ ಹಲವು ಕಡೆ ಹೀಗೆ: ಪುಟದ ಎಲ್ಲ ಎಲಿಮೆಂಟುಗಳನ್ನೂ ಹಿಡಿ, ಪ್ರತಿಯೊಂದರ ಗಾತ್ರಕ್ಕೂ ಎರಡು ಪಿಕ್ಸೆಲ್ ಕೂಡಿಸು. ಎಲಿಮೆಂಟಿನೊಳಗೆ ಎಲಿಮೆಂಟು ಇರುತ್ತದೆಂಬುದು ಮರೆತುಹೋಗುತ್ತದೆ. ತಾಯಿಯ ಗಾತ್ರ 16 ಇದ್ದದ್ದು 18 ಆಯಿತೆನ್ನಿ. ಒಳಗಿರುವ ಮಗು ತಾಯಿಯಿಂದ ಗಾತ್ರ ಪಡೆಯುವುದರಿಂದ ಅದೂ ಆಗಲೇ 18 ಆಗಿರುತ್ತದೆ. ಸ್ಕ್ರಿಪ್ಟ್ ಅದರ ಸರದಿ ಬಂದಾಗ ಇನ್ನೆರಡು ಕೂಡಿಸಿ 20 ಮಾಡುತ್ತದೆ. ಆಮೇಲೆ ಚಿಕ್ಕದು ಮಾಡುವ ಗುಂಡಿ ಒತ್ತಿದರೆ ತಾಯಿ 16ಕ್ಕೆ ಬರುತ್ತದೆ, ಮಗು 18ರಲ್ಲೇ ನಿಲ್ಲುತ್ತದೆ. ಪುಟ ಮೊದಲಿದ್ದ ಸ್ಥಿತಿಗೆ ಮರಳುವುದೇ ಇಲ್ಲ. ಸಾಲದ್ದಕ್ಕೆ, ವರ್ಷಾನುಗಟ್ಟಲೆ ಬಳಕೆಯಲ್ಲಿರುವ ಜೆಕ್ವೆರಿ ಆವೃತ್ತಿಗಳಲ್ಲಿ ಅಕ್ಷರದ ಗಾತ್ರಕ್ಕೆ ಬರಿಯ ಸಂಖ್ಯೆ ಕೊಟ್ಟರೆ ಅದೇ 'ಪಿಕ್ಸೆಲ್' ಎಂದು ಅಂಟಿಸಿಬಿಡುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ನೀವು ಮೊದಲೇ ಆರಿಸಿಟ್ಟ ಅಕ್ಷರಗಾತ್ರಕ್ಕೆ ಪಿಕ್ಸೆಲ್ ಅಳತೆ ಸೊಪ್ಪು ಹಾಕುವುದಿಲ್ಲ. ಕಣ್ಣು ಕಾಣದವರಿಗೆಂದು ಇಟ್ಟ ಗುಂಡಿಯೇ ಅವರ ಆಯ್ಕೆಯನ್ನು ಅಳಿಸಿಹಾಕುತ್ತದೆ.

ಮೂರನೆಯದು ಬರೀ ಶೋಕಿ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂರಬೇಕೆಂಬ ಆಸೆ. ಇದಕ್ಕೆಂದೇ ಜೆಕ್ವೆರಿಯ ಪ್ಲಗಿನ್‌ಗಳು ಬಂದವು. ಅವು ಪಠ್ಯವನ್ನು ಒಂದೊಂದು ಸಂಕೇತವಾಗಿ ಕತ್ತರಿಸಿ, ಪ್ರತಿ ತುಂಡಿಗೂ ಬೇರೆ ಬೇರೆ ಡಬ್ಬಿ ಮಾಡಿ, ಡಬ್ಬಿಗಳ ಬಣ್ಣ, ಸ್ಥಾನ ಬದಲಿಸುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಇದು ಸಲೀಸು. 'ದ್ರಾಕ್ಷಿ'ಯನ್ನು ಹಾಗೆ ಕತ್ತರಿಸಿ ನೋಡಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿನಲ್ಲಿ ಅದು ಎಂಟು ಸಂಕೇತ: ದ, ವಿರಾಮ, ರ, ದೀರ್ಘ, ಕ, ವಿರಾಮ, ಷ, ಗುಡಿಸು. ಎಂಟೂ ಎಂಟು ಡಬ್ಬಿಯಲ್ಲಿ ಬಿದ್ದರೆ ಒತ್ತು ಕೂಡಿಕೊಳ್ಳುವುದಕ್ಕೆ ಪಕ್ಕದವನೇ ಇರುವುದಿಲ್ಲ. ವಿರಾಮ, ದೀರ್ಘ, ಗುಡಿಸು ಮೂರೂ ಅನಾಥವಾಗಿ ಚುಕ್ಕಿಚುಕ್ಕಿಯ ಬಳೆಯ ಮೇಲೆ ಬಂದು ಕೂರುತ್ತವೆ. ಆ ಚುಕ್ಕಿಬಳೆಯನ್ನು ನೋಡಿ 'ಕನ್ನಡ ಫಾಂಟು ಸರಿ ಇಲ್ಲ' ಎಂದು ಬಯ್ಯುವವರನ್ನು ಕಂಡಿದ್ದೇನೆ. ಫಾಂಟಿನ ತಪ್ಪು ಏನೂ ಇಲ್ಲ. ಅಕ್ಷರ ಎಂದರೇನೆಂದು ಕೇಳದೆ ಕತ್ತರಿ ಹಿಡಿದವನ ತಪ್ಪು ಅದು.

ಇಷ್ಟೆಲ್ಲ ಆದಮೇಲೆ ಕಸುಬಿನ ಗೆಳೆಯರು ಒಂದು ಮಾತು ಹೇಳುತ್ತಾರೆ. 'ಸಣ್ಣ ಸೈಟು, ಸಣ್ಣ ಬಜೆಟ್ಟು, ಯಾರು ನೋಡುತ್ತಾರೆ?' ಯಾರು ನೋಡುತ್ತಾರೆಂದು ದಿಂಡೋರಿಯನ್ನೇ ಇಟ್ಟುಕೊಂಡು ಹೇಳಬಲ್ಲೆ. ರಫ್ತು ಮಾಡುವ ದ್ರಾಕ್ಷಿಯ ಬಾಳು ಇವತ್ತು ಪರದೆಯ ಮೇಲೆ ನಿಂತಿದೆ. ಯುರೋಪಿಗೆ ಹೋಗುವ ದ್ರಾಕ್ಷಿಯ ಜಾಡು ಹಿಡಿಯಲು ಅಪೆಡಾ ಸಂಸ್ಥೆ 'ಗ್ರೇಪ್‌ನೆಟ್' ಎಂಬ ವೆಬ್ ವ್ಯವಸ್ಥೆಯನ್ನು ತಂದದ್ದು 2006ರಲ್ಲಿ, ಜೆಕ್ವೆರಿ ಹುಟ್ಟಿದ ವರ್ಷವೇ. ತೋಟದ ನೋಂದಣಿಯಿಂದ ಹಿಡಿದು ಪ್ರಯೋಗಾಲಯದ ಉಳಿಕೆ ವರದಿಯವರೆಗೆ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಯಾವ ಔಷಧಿ ಹೊಡೆದರೆ ಕಟಾವಿಗೆ ಎಷ್ಟು ದಿನ ಬಿಡಬೇಕೆಂಬ ಪಟ್ಟಿ ಹೊರಡಿಸುತ್ತದೆ. ಬೆಳೆಗಾರರ ಗುಂಪುಗಳು ಅದನ್ನು ತಮ್ಮ ಭಾಷೆಗೆ ತಂದು ತಮ್ಮ ಪುಟಗಳಲ್ಲಿ ಹಾಕಿಕೊಳ್ಳುತ್ತವೆ. ಉಳಿಕೆ ಮಿತಿ ಮೀರಿದರೆ ಮಾಲು ಹಿಂದೆ ಬೀಳುತ್ತದೆ, ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಆ ದಿನಗಳ ಸಂಖ್ಯೆಯನ್ನು ನನ್ನ ಮೂರು ಸಾಲು ನುಂಗಿತ್ತು. ಕಾಕಾ ತೋಟದ ಮಾಲೀಕರನ್ನೇ ಕೇಳಿ ತಿಳಿದುಕೊಂಡರು, ಅವರಿಗೆ ನಷ್ಟವೇನೂ ಆಗಲಿಲ್ಲ. ಪಕ್ಕದಲ್ಲಿ ಕೇಳಲು ಯಾರೂ ಇಲ್ಲದವರು ಆ ಪುಟವನ್ನು ಎಷ್ಟು ಸಲ ತೆರೆದಿದ್ದರೋ ಎಂಬ ಯೋಚನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಪಠ್ಯವನ್ನು ಇಮ್ಮಡಿ ದೊಡ್ಡದು ಮಾಡಿದರೂ ಒಳಗಿನ ವಿಷಯ ಕಳೆದುಹೋಗಬಾರದು ಎಂಬ ನಿಯಮ ವೆಬ್‌ನ ಅಂತರರಾಷ್ಟ್ರೀಯ ಸುಗಮ್ಯತೆ ಮಾರ್ಗಸೂಚಿಯಲ್ಲಿ 2008ರಿಂದಲೇ ಇದೆ. ಭಾರತ ಸರ್ಕಾರ ತನ್ನ ಜಾಲತಾಣಗಳಿಗೆಂದು ಮಾರ್ಗಸೂಚಿ ತಂದದ್ದು 2009ರಲ್ಲಿ, ಅದರ ಮೂರನೆಯ ಆವೃತ್ತಿ ಬಂದದ್ದು 2023ರಲ್ಲಿ. ಡಿಜಿಟಲ್ ಸೇವೆಗಳು ಎಲ್ಲರ ಕೈಗೆ ಎಟುಕುವುದು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಹೇಳಿದೆ. ನ್ಯಾಯಮೂರ್ತಿಗಳು ಸಂವಿಧಾನದ 21ನೇ ವಿಧಿಯಲ್ಲಿ ಕಂಡದ್ದನ್ನು ನಾವು ಚೌಕದ ಎತ್ತರ ಬರೆಯುವಾಗ ಕಾಣಲು ಆಗುವುದಿಲ್ಲವೇ?

ಇನ್ನು ಕೆಲವರು ಜೆಕ್ವೆರಿ ಮುದಿಯಾಯಿತು, ಹೊಸ ಲೈಬ್ರರಿ ಹಿಡಿಯಿರಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಇದು ಕುಣಿಯಲಾರದವಳು ನೆಲ ಡೊಂಕೆಂದ ಮಾತು. ಹೊಸ ಲೈಬ್ರರಿಗಳಲ್ಲೂ ಎಲಿಮೆಂಟಿನ ಮೈಮೇಲೆ ಸ್ಟೈಲ್ ಬರೆಯುವ ದಾರಿ ಇದ್ದೇ ಇದೆ. ರಿಯಾಕ್ಟ್‌ನಲ್ಲಿ 'ಸ್ಟೈಲ್' ಎಂದು ಕೊಟ್ಟರೂ ಕೊನೆಗೆ ಆಗುವುದು ಅದೇ. ಜೆಕ್ವೆರಿಯಾದರೋ ಸರಿಯಾದ ದಾರಿಯನ್ನೂ ಮೊದಲಿನಿಂದ ಕೈಗಿಟ್ಟಿತ್ತು. ಕ್ಲಾಸ್ ಸೇರಿಸುವ, ತೆಗೆಯುವ, ಅದಲುಬದಲು ಮಾಡುವ ಮೆಥಡ್‌ಗಳು ಅದರಲ್ಲೇ ಇವೆ. ನಾವು ಅವನ್ನು ಬಿಟ್ಟು ಅಡ್ಡದಾರಿ ಹಿಡಿದೆವು, ಏಕೆಂದರೆ ಅಡ್ಡದಾರಿಯಲ್ಲಿ ಇನ್ನೊಂದು ಫೈಲು ತೆರೆಯಬೇಕಿರಲಿಲ್ಲ.

ಆ ಸರಿಯಾದ ದಾರಿ ಬಹಳ ಸರಳ. ಏನಾಯಿತು ಎಂಬುದನ್ನು ಸ್ಕ್ರಿಪ್ಟ್ ಹೇಳಲಿ. ಹೇಗೆ ಕಾಣಬೇಕು ಎಂಬುದನ್ನು ಸ್ಟೈಲ್‌ಶೀಟ್ ಹೇಳಲಿ. ಫಾರಂನಲ್ಲಿ ತಪ್ಪಾದರೆ ಸ್ಕ್ರಿಪ್ಟ್ ಆ ಖಾನೆಗೆ 'ತಪ್ಪಿದೆ' ಎಂಬ ಕ್ಲಾಸ್ ಹಚ್ಚಿ ಸುಮ್ಮನಾಗಬೇಕು. ತಪ್ಪು ಎಂದರೆ ಕೆಂಪು ಗೆರೆಯೋ, ದಪ್ಪ ಅಂಚೋ, ಕಪ್ಪು ಹಿನ್ನೆಲೆಯಲ್ಲಿ ಯಾವ ಬಣ್ಣ, ಮುದ್ರಿಸುವಾಗ ಏನು ಎನ್ನುವುದೆಲ್ಲ ಸ್ಟೈಲ್‌ಶೀಟಿನಲ್ಲಿ ಒಂದೇ ಕಡೆ ಇರಬೇಕು. ಅಕ್ಷರ ದೊಡ್ಡದು ಮಾಡುವ ಗುಂಡಿ ಬೇಕೇ ಬೇಕೆಂದರೆ ಪುಟದ ಬೇರಿಗೆ ಒಂದು ಕ್ಲಾಸ್ ಹಚ್ಚಿ. ಉಳಿದ ಗಾತ್ರಗಳೆಲ್ಲ ಬೇರಿನ ಗಾತ್ರಕ್ಕೆ ಇಂತಿಷ್ಟು ಪಾಲು ಎಂದು ಸ್ಟೈಲ್‌ಶೀಟಿನಲ್ಲಿ ಬರೆದಿದ್ದರೆ, ಎಲ್ಲವೂ ಹದವಾಗಿ ಬೆಳೆಯುತ್ತವೆ, ಕ್ಲಾಸ್ ತೆಗೆದರೆ ಹದವಾಗಿ ಇಳಿಯುತ್ತವೆ. ಸರಿಸಮ ಎತ್ತರದ ಚೌಕಗಳಿಗೆ ಇವತ್ತು ಸ್ಕ್ರಿಪ್ಟೇ ಬೇಡ. 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಗ್ರಿಡ್ ಬಂತು. ಸಾಲಿನ ಚೌಕಗಳು ತಾವಾಗಿಯೇ ಸಮ ನಿಲ್ಲುತ್ತವೆ, ಒಳಗಿನ ಅಕ್ಷರ ಬೆಳೆದರೆ ತಾವೂ ಬೆಳೆಯುತ್ತವೆ.

ಇದಕ್ಕೆ ನ್ಯಾಯವಾದ ಒಂದು ಆಕ್ಷೇಪ ಇದೆ. ಸ್ಟೈಲ್‌ಶೀಟಿನಲ್ಲೂ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿಯಬಹುದಲ್ಲ, ಅಲ್ಲಿಯೂ ಒತ್ತಕ್ಷರ ಕತ್ತರಿಸಬಹುದಲ್ಲ? ಹೌದು. ಜಾಗ ಬದಲಾದ ಮಾತ್ರಕ್ಕೆ ಕೆಟ್ಟ ನಿರ್ಧಾರ ಒಳ್ಳೆಯದಾಗುವುದಿಲ್ಲ. ಆದರೆ ಸ್ಟೈಲ್‌ಶೀಟಿನ ತಪ್ಪು ಕಣ್ಣಿಗೆ ಬೀಳುವ ಜಾಗದಲ್ಲಿದೆ. ಒಂದು ಸಾಲು ತಿದ್ದಿದರೆ ನೂರು ಪುಟ ಸರಿಯಾಗುತ್ತವೆ. ಜಾವಾಸ್ಕ್ರಿಪ್ಟ್ ಬಾರದವರೂ ತಿದ್ದಬಹುದು. ಸ್ಕ್ರಿಪ್ಟಿನೊಳಗೆ ಹೂತಿಟ್ಟ ಸ್ಟೈಲನ್ನು ಹುಡುಕಲು ನಾನೇ, ಬರೆದವನೇ, ಒಂದು ಸಂಜೆ ಕಳೆದೆ. ಅದು ಎಲ್ಲಿ ಹುಟ್ಟಿತೆಂದು ಸ್ಟೈಲ್‌ಶೀಟಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ, ಏಕೆಂದರೆ ಅದು ಅಲ್ಲಿ ಇರಲೇ ಇಲ್ಲ.

ಸ್ಕ್ರಿಪ್ಟಿನಿಂದ ನೇರ ಬೆಲೆ ಬರೆಯಲೇಬೇಕಾದ ಸಂದರ್ಭಗಳೂ ಇವೆ. ಬೆರಳಿನಿಂದ ಎಳೆಯುತ್ತಿರುವ ಚಿತ್ರ ಈಗ ಎಲ್ಲಿದೆ, ಫೈಲು ಎಷ್ಟು ಪಾಲು ಏರಿದೆ, ದರದ ನಕ್ಷೆಯಲ್ಲಿ ಇವತ್ತಿನ ಕಂಬ ಎಷ್ಟೆತ್ತರ ಎಂಬುದು ಮೊದಲೇ ಬರೆದಿಡಲು ಬರುವಂಥದಲ್ಲ. ಅಲ್ಲಿಯೂ ಆ ಒಂದು ಸಂಖ್ಯೆಯನ್ನಷ್ಟೇ ಸಿಎಸ್ಎಸ್‌ನ ಕಸ್ಟಮ್ ಪ್ರಾಪರ್ಟಿಯಾಗಿ ದಾಟಿಸಿ, ಅದನ್ನು ಹೇಗೆ ಬಳಸಬೇಕೆಂಬುದನ್ನು ಸ್ಟೈಲ್‌ಶೀಟಿಗೆ ಬಿಡಬಹುದು. ಜೆಕ್ವೆರಿ ಕೂಡ 3.2ನೇ ಆವೃತ್ತಿಯಿಂದ ಇದಕ್ಕೆ ಒಪ್ಪಿದೆ. ಅಳೆದು ತಿಳಿಯಬೇಕಾದ್ದನ್ನು ಸ್ಕ್ರಿಪ್ಟ್ ಅಳೆಯಲಿ, ನನ್ನ ತಕರಾರಿಲ್ಲ. ಓದುವವರ ಪರವಾಗಿ ತೀರ್ಮಾನ ಮಾಡುವ ಅಧಿಕಾರವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ.

ಕೆಲಸ ಕೊಡುವವರಿಗೂ ಒಂದು ಮಾತು. ಪುಟ ಸಿದ್ಧವಾಯಿತೆಂದು ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಚಪ್ಪಾಳೆ ತಟ್ಟಿ ಬಿಲ್ಲು ಪಾಸು ಮಾಡಬೇಡಿ. ಮನೆಯಲ್ಲಿ ಹಿರಿಯರ ಮೊಬೈಲು ಇರುತ್ತದಲ್ಲ, ಅದರಲ್ಲಿ ತೆರೆಯಿರಿ. ಅಕ್ಷರ ಅತಿ ದೊಡ್ಡದಿರಲಿ. ಶೀರ್ಷಿಕೆಯಲ್ಲಿ ಒತ್ತಿನ ಮೇಲೆ ಒತ್ತು ಇರುವ ಶಬ್ದಗಳನ್ನು ಹಾಕಿ ನೋಡಿ: ದ್ರಾಕ್ಷಿ, ರಾಷ್ಟ್ರ, ಸ್ವಾತಂತ್ರ್ಯ. ಮೊಬೈಲನ್ನು ಅಡ್ಡ ತಿರುಗಿಸಿ. ಒಂದು ಪ್ರತಿ ಮುದ್ರಿಸಿ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಹತ್ತು ವರ್ಷದ ಹಿಂದೆ ಯಾರಾದರೂ ನನ್ನಿಂದ ಮಾಡಿಸಿದ್ದರೆ ಅಂದೇ ನಾಚಿಕೊಂಡು ತಿದ್ದುತ್ತಿದ್ದೆ.

ದಿಂಡೋರಿಯಿಂದ ಮರಳಿದ ವಾರವೇ ಆ ಗುಂಪಿನವರಿಗೆ ಫೋನ್ ಮಾಡಿ, ದುಡ್ಡು ಬೇಡ, ಪುಟ ತಿದ್ದಲು ಬಿಡಿ ಎಂದು ಕೇಳಿಕೊಂಡೆ. ಎತ್ತರ ಬರೆಯುವ ಸಾಲುಗಳನ್ನೂ, ಅಡಗಿಸುವ ನಿಯಮವನ್ನೂ ತೆಗೆದೆ. ಸ್ಟೈಲ್‌ಶೀಟಿಗೆ ಐದಾರು ಸಾಲು ಸೇರಿತು, ಸ್ಕ್ರಿಪ್ಟಿನಿಂದ ನಲವತ್ತಕ್ಕೂ ಹೆಚ್ಚು ಸಾಲು ಹೋಯಿತು. ಈಗ ಚೌಕಗಳು ಕೆಲವು ಮೊಬೈಲುಗಳಲ್ಲಿ ಉದ್ದುದ್ದ ಕಾಣುತ್ತವೆ, ಮೊದಲಿನಷ್ಟು ಅಂದವಿಲ್ಲ ಎಂದು ಗುಂಪಿನ ಹುಡುಗನೊಬ್ಬ ಹೇಳಿದ. ಇರಲಿ ಎಂದೆ. ಕಾಕಾನಿಗೆ ಲಿಂಕ್ ಕಳಿಸಿದ್ದೆ. ಸಂಜೆ ಫೋನ್ ಬಂತು. ಪುಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಟ್ಟಿಯಲ್ಲಿದ್ದ ಒಂದು ಔಷಧಿಯ ಹೆಸರು ಹೇಳಿ, ಇದಕ್ಕೆ ಇಷ್ಟು ದಿನ ಬಿಡಬೇಕಂತಲ್ಲ, ನಮ್ಮ ಕಡೆ ಯಾರೂ ಅಷ್ಟು ಬಿಡುವುದಿಲ್ಲವಲ್ಲ ಎಂದು ಅರ್ಧ ತಾಸು ವಾದ ಮಾಡಿದರು.